ಪದ ಪರಿಚಯ: ‘ಆಸರೆ’ ಬೇರೆ, ‘ಆಶ್ರಮ’ ಬೇರೆ

ಮೊನ್ನೆ ವಾಟ್ಸಾಪ್‌ನಲ್ಲಿ ಇನ್ನೊಂದು ಕರಪತ್ರ ಬಂತು. ಹುಬ್ಬಳ್ಳಿಯ ಹೊರಗೆ ಶುರುವಾಗಲಿರುವ ಒಂದು ಸಂಸ್ಥೆಯದು. ಮೇಲೆ ದಪ್ಪ ಅಕ್ಷರದಲ್ಲಿ ‘ವಿಶೇಷಚೇತನ ವಯಸ್ಕರಿಗೆ ಸಪೋರ್ಟೆಡ್ ಲಿವಿಂಗ್ ಆಶ್ರಮ’. ಕೆಳಗೆ: 24 ಹಾಸಿಗೆ, ಎಂಟಕ್ಕೆ ಊಟ, ಒಂಬತ್ತಕ್ಕೆ ಲೈಟ್ ಬಂದ್, ತಿಂಗಳ ಎರಡನೇ ಭಾನುವಾರ ಭೇಟಿ. ಈ ವರ್ಷ ನನ್ನ ಕೈಗೆ ಬಂದ ಇಂಥ ನಾಲ್ಕನೇ ಕರಪತ್ರ ಇದು. ಜಾಗ ಚೆನ್ನಾಗೇ ಇರಬಹುದು. ನನ್ನ ತಕರಾರು ಹೆಸರಿನ ಮೇಲೆ. ಸಪೋರ್ಟೆಡ್ ಲಿವಿಂಗ್ ಅಂದರೆ ಆಸರೆ ಪಡೆದು ತನ್ನದೇ ಮನೆಯಲ್ಲಿ ಬದುಕುವುದು. ಆಶ್ರಮ ಅದಲ್ಲ.

ಮೊದಲು ‘ಆಶ್ರಮ’. ಇದನ್ನು ‘ಆಶ್ರಯ’ದ ತಮ್ಮ ಅಂತ ತಿಳಿದವರೇ ಜಾಸ್ತಿ. ಒಂದಕ್ಷರದ ವ್ಯತ್ಯಾಸ ಅಷ್ಟೇ ಅಲ್ವಾ ಅನ್ನುತ್ತಾರೆ. ಅಲ್ಲ. ಆಶ್ರಮದ ಒಳಗಿರುವುದು ಶ್ರಮ. ತಪಸ್ಸೋ, ಓದೋ, ಏನೋ ಒಂದಕ್ಕೆ ಮೈಮುರಿದು ದುಡಿಯುವ ಜಾಗ ಅದು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಈ ಹೆಸರು ಒಪ್ಪುತ್ತದೆ. ಪಂಚಾಕ್ಷರಿ ಗವಾಯಿಗಳ, ಆಮೇಲೆ ಪುಟ್ಟರಾಜ ಗವಾಯಿಗಳ ಎದುರು ಕೂತು ಕಣ್ಣು ಕಾಣದ ಎಷ್ಟೋ ಮಕ್ಕಳು ರಿಯಾಜ್ ಮಾಡಿದರು. ಹೊರಗೆ ಬಂದು ಹಾಡಿದರು, ಕಲಿಸಿದರು, ದುಡಿದು ಉಂಡರು. ಅಲ್ಲಿ ಶ್ರಮವೂ ಇತ್ತು, ಹೊರಗೆ ಹೋಗುವ ಬಾಗಿಲೂ ಇತ್ತು. ಉಣಿಸಿ ಮಲಗಿಸಿ ಗೇಟಿಗೆ ಕೀಲಿ ಹಾಕುವ ಜಾಗಕ್ಕೂ ಅದೇ ಹೆಸರು ಇಟ್ಟರೆ ಹೇಗೆ?

‘ಆಶ್ರಯ’ದ ಬೇರು ಸಂಸ್ಕೃತದ ‘ಶ್ರಿ’. ಒರಗು, ಆತುಕೊಳ್ಳು ಅಂತ ಅರ್ಥ. ಅದೇ ನಮ್ಮ ಬಾಯಲ್ಲಿ ಸವೆದು ‘ಆಸರೆ’ ಆಯಿತು. ತತ್ಸಮ ತದ್ಭವದ ಪಟ್ಟಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ಆದರೆ ಬಳಕೆಯಲ್ಲಿ ಎರಡೂ ಬೇರೆ ಬೇರೆ ದಾರಿ ಹಿಡಿದವು. ಆಶ್ರಯ ಅಂದರೆ ಇನ್ನೊಬ್ಬರ ಸೂರಿನ ಕೆಳಗೆ ಹೋಗುವುದು. ಆಸರೆ ಅಂದರೆ ನಿಂತಲ್ಲೇ ಆತುಕೊಳ್ಳಲು ಏನಾದರೂ ಸಿಗುವುದು. ತಮಾಷೆ ಅಂದರೆ, ಸರಕಾರದ ಆಶ್ರಯ ಯೋಜನೆಯಿಂದಾಗಿ ನಮ್ಮ ಕಡೆ ‘ಆಶ್ರಯ ಪ್ಲಾಟ್’ ಅಂದರೆ ಹಕ್ಕುಪತ್ರ ಇರುವ ಸ್ವಂತ ಜಾಗ! ಅದಿರಲಿ.

ಸವಣೂರಿನ ಎಲೆತೋಟ ನೋಡಿದವರಿಗೆ ಆಸರೆ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಬಳ್ಳಿ ತನ್ನ ಮಡಿಯಲ್ಲೇ ಬೇರು ಬಿಟ್ಟಿರುತ್ತದೆ. ಪಕ್ಕದಲ್ಲಿ ಒಂದು ಮರ. ಬಳ್ಳಿಯನ್ನು ಅದಕ್ಕೆ ಸಡಿಲವಾಗಿ ಕಟ್ಟುತ್ತಾರೆ, ಬೆಳೆದ ಹಾಗೆ ಮೇಲೆ ಮೇಲೆ ಕಟ್ಟುತ್ತಾ ಹೋಗುತ್ತಾರೆ. ಆಸರೆ ಬೇಕು ಅಂತ ಬಳ್ಳಿಯನ್ನೇ ಕಿತ್ತು ಮರದ ಹತ್ತಿರ ಒಯ್ಯುವುದಿಲ್ಲ.

ಕ್ರಿಯಾಪದವನ್ನೂ ಸ್ವಲ್ಪ ಗಮನಿಸಿ. ಆಸರೆ ‘ಕೊಡುತ್ತೇವೆ’, ಆಸರೆ ‘ಆಗುತ್ತೇವೆ’. ಆಶ್ರಮಕ್ಕೆ ಮಾತ್ರ ‘ಹಾಕುತ್ತೇವೆ’. ಶಾಲೆಗೆ ಹಾಕಿದ ಹಾಗೆ, ಡಬ್ಬಿಗೆ ಹಾಕಿದ ಹಾಗೆ. ಧಾರವಾಡದಲ್ಲಿ ನಮ್ಮ ಓಣಿಯ ಅಜ್ಜಿಯೊಬ್ಬರು ಕೇಳಿದ್ದೂ ಹೀಗೇ: “ಅಕ್ಕಾರ, ನಾ ಹ್ವಾದ ಮ್ಯಾಲ ಇವನ್ನ ಎಲ್ಲಿ ಹಾಕೋದ್ರಿ?” ಮಗನಿಗೆ 38. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಮಾತಿಲ್ಲ, ರಾತ್ರಿ ಫಿಟ್ಸ್ ಬರುತ್ತದೆ, ಎತ್ತಿ ಕೂರಿಸಲು ಇಬ್ಬರು ಬೇಕು. ತಾಟಿಗೆ ಚಮಚದಿಂದ ಎರಡು ಸಲ ಬಡಿದರೆ ಚಹಾ, ಮೂರು ಸಲ ಬಡಿದರೆ ಬೆನ್ನು ನೋಯುತ್ತಿದೆ ಅಂತ. ಇದು ಯಾವ ಫೈಲಿನಲ್ಲೂ ಇಲ್ಲ. ಆ ಮನೆಯಲ್ಲಿ ಮಾತ್ರ ಗೊತ್ತು.

ಸರಿ, ವ್ಯತ್ಯಾಸ ಏನು? ಸಪೋರ್ಟೆಡ್ ಲಿವಿಂಗ್‌ನಲ್ಲಿ ಸೂರು ಒಂದು ಕರಾರು, ಸಹಾಯ ಇನ್ನೊಂದು ಕರಾರು. ಮನೆ ಅವನದು, ಇಲ್ಲವೇ ಬಾಡಿಗೆ ಪತ್ರ ಅವನ ಹೆಸರಲ್ಲಿ. ನೋಡಿಕೊಳ್ಳುವವರು ಸರಿ ಇಲ್ಲದಿದ್ದರೆ ಅವರನ್ನು ಬದಲಿಸಬಹುದು, ಮನೆ ಬಿಡಬೇಕಿಲ್ಲ. ವಸತಿ ಆರೈಕೆಯಲ್ಲಿ, ಅಂದರೆ ಸಂಸ್ಥೆಯಲ್ಲೇ ಇಟ್ಟು ನೋಡಿಕೊಳ್ಳುವಲ್ಲಿ, ಎರಡೂ ಒಂದೇ ಗಂಟು. ಆರೈಕೆ ಬೇಡವಾದರೆ ಹಾಸಿಗೆಯೂ ಹೋಯಿತು. ಇಂಗ್ಲೆಂಡಿನಲ್ಲಿ ನೋಂದಣಿಯೂ ಹೀಗೇ ನಡೆಯುತ್ತದೆ. ಕೇರ್ ಹೋಮ್ ಆದರೆ ವಸತಿ, ಆರೈಕೆ ಎರಡೂ ಸೇರಿ ಒಂದೇ ನೋಂದಣಿ. ಸಪೋರ್ಟೆಡ್ ಲಿವಿಂಗ್‌ನಲ್ಲಿ ಆರೈಕೆ ಕೊಡುವವರ ನೋಂದಣಿ ಮಾತ್ರ, ಮನೆ ಅದರಲ್ಲಿ ಬರುವುದಿಲ್ಲ. ಮೂವರು ಒಂದೇ ಮನೆ ಹಂಚಿಕೊಂಡರೂ ಅಡ್ಡಿಯಿಲ್ಲ. ಆದರೆ ಪತ್ರದಲ್ಲಿ ಅವರ ಹೆಸರಿರಬೇಕು, ಕೀಲಿಕೈ ಅವರ ಹತ್ತಿರ ಇರಬೇಕು.

‘ಹಗುರ ತೊಂದರೆ ಇದ್ದವರಿಗೆ ಆಸರೆ ಮನೆ, ಭಾರೀ ತೊಂದರೆ ಇದ್ದವರಿಗೆ ಸಂಸ್ಥೆ’ ಅನ್ನುವ ಮಾತೂ ಕೇಳಿ ಕೇಳಿ ಸಾಕಾಗಿದೆ. ಸುಮ್ನೆ ಹಬ್ಬಿಸಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಮು ಎಲ್ಲರಿಗೂ ಸಮುದಾಯದಲ್ಲಿ ಬದುಕುವ ಹಕ್ಕು ಕೊಟ್ಟಿದೆ. ಇಂಥಲ್ಲೇ ಇರಬೇಕು ಅನ್ನುವ ಬಲವಂತ ಆಗದಂತೆ ನೋಡಿಕೊಳ್ಳಬೇಕು ಅಂತ ಸರಕಾರಕ್ಕೆ ಹೇಳಿದೆ. 38ನೇ ಕಲಮಿನಲ್ಲಿ ಹೆಚ್ಚಿನ ಬೆಂಬಲ ಬೇಕಾದವರು ಅರ್ಜಿ ಹಾಕಬಹುದು. ಅಲ್ಲಿರುವ ಪದ ಹೆಚ್ಚಿನ ‘ಬೆಂಬಲ’. ಹೆಚ್ಚಿನ ‘ಹಾಸಿಗೆ’ ಅಲ್ಲ.

ಹಾಗಂತ ನಾನು ವಸತಿ ಆರೈಕೆಯ ವಿರೋಧಿ ಅಲ್ಲ. ಲೆಕ್ಕ ಹಾಕಿ ನೋಡಿ. ಅಜ್ಜಿಯ ಮಗನ ಜೊತೆ ಮನೆಯಲ್ಲಿ ಹಗಲು ರಾತ್ರಿ ಒಬ್ಬರು ಇರಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೂ ಮೂರೂವರೆ ಜನ ಬೇಕು. ಅರ್ಧ ಜನ ಎಲ್ಲೂ ಸಿಗುವುದಿಲ್ಲ, ಅಂದರೆ ನಾಲ್ಕು. ಎತ್ತಲು ಇಬ್ಬರು ಬೇಕಾದ ಹೊತ್ತಿಗೆ ಇನ್ನೂ ಜಾಸ್ತಿ. ಅವರಲ್ಲಿ ಒಬ್ಬ ಊರ ಜಾತ್ರೆಗೆ ಹೋಗಿ ನಾಲ್ಕು ದಿನ ಬರದಿದ್ದರೆ ಅಜ್ಜಿಯ ಗತಿ ಏನು? ರಾತ್ರಿ ನರ್ಸ್ ಇರುವ, ಏಳೆಂಟೇ ಜನರ ಒಳ್ಳೆಯ ವಸತಿ ಮನೆ ಸಿಕ್ಕರೆ ಇಂಥ ಕಡೆ ಅದೇ ಸರಿ ಇರಬಹುದು. ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್ 18 ದಾಟಿದವರಿಗೆ ಅಂತ ‘ಘರೌಂದಾ’ ಅನ್ನುವ ಯೋಜನೆ ತಂದಿತು. ಅದು ತನ್ನನ್ನು ಗ್ರೂಪ್ ಹೋಮ್ ಅಂತಲೇ ಕರೆದುಕೊಂಡಿತು. ಅಷ್ಟಾದರೂ ಪ್ರಾಮಾಣಿಕತೆ ಬೇಕು. ಅಜ್ಜಿಗೂ ಇದನ್ನೇ ಹೇಳಿದೆ: ಎಲ್ಲೇ ನೋಡಿ, ಚಮಚದ ಲೆಕ್ಕ ಕಲಿಯಲು ನಾಲ್ಕು ದಿನ ನಿಮ್ಮ ಮನೆಗೆ ಬಂದು ಕೂರುತ್ತಾರಾ ಅಂತ ಮೊದಲು ಕೇಳಿ.

ಕರಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಕೋಣೆಯ ಕೀಲಿಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿದೆ.

“ವಾಚ್‌ಮನ್ ಹತ್ರ ಇರ್ತೈತ್ರೀ. ಏನೂ ಕಾಳಜಿ ಮಾಡಬ್ಯಾಡ್ರಿ.”

ಹಾಗಾದರೆ ‘ವಸತಿ ಆರೈಕೆ ಕೇಂದ್ರ’ ಅಂತ ಹೆಸರು ತಿದ್ದಿಬಿಡಿ ಅಂದೆ.

“ಬೋರ್ಡು ಬರಸೇಬಿಟ್ಟೇವ್ರಿ ಅಕ್ಕಾರ” ಅಂದರು.