ಎದೆಗೆ ಚೂರು ಹೊಕ್ಕರೂ ಬರೀ ಟ್ಯೂಬ್ ಹಾಕಿ ಸುಮ್ಮನಾಗೋದ್ಯಾಕೆ?

ಪ್ರಶ್ನೆ: ಬಾಂಬ್ ಸ್ಫೋಟದಲ್ಲೋ ಗುಂಡಿನ ದಾಳಿಯಲ್ಲೋ ಎದೆಗೆ ಗಾಯವಾದವರಿಗೆ ತಕ್ಷಣ ಆಪರೇಷನ್ ಮಾಡಿ ಚೂರು ತೆಗೀಬೇಕಲ್ವಾ? ಪಕ್ಕೆಗೆ ಟ್ಯೂಬ್ ಹಾಕಿ ವಾರ್ಡಿಗೆ ಕಳಿಸ್ತಾರಲ್ಲ, ಅದು ಸರಿನಾ?
– ಓದುಗರೊಬ್ಬರು, ಮಲ್ಲೇಶ್ವರ

ಹೆಚ್ಚಿನವರ ವಿಷಯದಲ್ಲಿ ಅದೇ ಸರಿ. ಎದೆಯೊಳಗೆ ಏನಾದರೂ ಹೊಕ್ಕು ಗಾಯವಾದ ನೂರು ಜನರಲ್ಲಿ 70ರಿಂದ 85 ಮಂದಿಗೆ ಎದೆ ತೆರೆಯುವ ಅಗತ್ಯವೇ ಬೀಳೋದಿಲ್ಲ. ನಿಮ್ಮ ಆತಂಕ ಅರ್ಥವಾಗುತ್ತದೆ. 2008ರ ಸರಣಿ ಸ್ಫೋಟ, 2013ರಲ್ಲಿ ನಿಮ್ಮ ಮಲ್ಲೇಶ್ವರದ್ದೇ ಸ್ಫೋಟ, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯದ್ದು, ಎಲ್ಲವನ್ನೂ ಕಂಡ ಊರು ನಮ್ಮದು.

ಚೂರು ಒಳಗೆ ಹೋದಾಗ ಮೊದಲು ಪ್ರಾಣಕ್ಕೆ ಕುತ್ತು ತರುವುದು ಆ ಚೂರಲ್ಲ. ಶ್ವಾಸಕೋಶದ ಸುತ್ತ ತುಂಬಿಕೊಳ್ಳುವ ಗಾಳಿ ಮತ್ತು ರಕ್ತ. ಶ್ವಾಸಕೋಶ ಅದರಡಿ ಮುದುಡಿ ಹೋಗುತ್ತದೆ. ಗಾಳಿಯ ಒತ್ತಡ ಏರುತ್ತಾ ಹೋದರೆ ಹೃದಯಕ್ಕೆ ರಕ್ತ ವಾಪಸ್ ಬರೋದೇ ನಿಂತೀತು. ಅದಕ್ಕೇ ಕಂಕುಳಿನ ಕೆಳಗೆ, ನಾಲ್ಕನೇ ಇಲ್ಲವೇ ಐದನೇ ಪಕ್ಕೆಲುಬಿನ ಸಂದಿಯಲ್ಲಿ ಟ್ಯೂಬ್ ಹಾಕುತ್ತಾರೆ. ಶ್ವಾಸಕೋಶ ಮತ್ತೆ ಉಬ್ಬಿ ಎದೆಗೂಡಿಗೆ ಒತ್ತಿಕೊಳ್ಳುತ್ತದೆ. ಶ್ವಾಸಕೋಶದ ರಕ್ತನಾಳಗಳಲ್ಲಿ ರಕ್ತದೊತ್ತಡ ಮೈಯ ಉಳಿದ ಕಡೆಗಿಂತ ತುಂಬಾ ಕಡಿಮೆ. ಹಾಗಾಗಿ ರಕ್ತ ಹೆಚ್ಚಾಗಿ ತಾನಾಗೇ ನಿಲ್ಲುತ್ತದೆ. ನನಗೆ ಇವತ್ತಿಗೂ ಬೆರಗು ತರುವ ಸಂಗತಿ ಇದು.

ಮಂಚದ ಕೆಳಗಿನ ಬಾಟಲಿಯನ್ನು ನೋಡಿದ್ದೀರಾ? ಟ್ಯೂಬಿನ ತುದಿ ನೀರಿನಲ್ಲಿ ಮುಳುಗಿರುತ್ತದೆ. ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ವಾಪಸ್ ಹೋಗೋದಿಲ್ಲ. ಉಸಿರಿಗೆ ತಕ್ಕಂತೆ ನೀರು ಮೇಲೆ ಕೆಳಗೆ ಆಡುತ್ತದೆ. ನರ್ಸ್ ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ರಕ್ತ ಎಲ್ಲಿಗೆ ಬಂದಿದೆ ಅಂತ ಗೆರೆ ಎಳೆದು ಗಂಟೆ ಬರೆಯುತ್ತಾರೆ. ಆಪರೇಷನ್ ಬೇಕೋ ಬೇಡವೋ ಅನ್ನೋದಕ್ಕೆ ಆ ಗೆರೆಗಳೇ ದೊಡ್ಡ ಸುಳಿವು. ಟ್ಯೂಬ್ ಹಾಕಿದ ಕೂಡಲೇ ಒಂದೂವರೆ ಲೀಟರ್ ಬಂದರೆ, ಅಥವಾ ಗಂಟೆಗೆ 200 ಮಿಲಿಯಂತೆ ಎರಡರಿಂದ ನಾಲ್ಕು ಗಂಟೆ ಹರಿಯುತ್ತಲೇ ಇದ್ದರೆ, ಥಿಯೇಟರಿಗೆ ಒಯ್ಯುತ್ತಾರೆ. ಹೃದಯದ ಸುತ್ತ ರಕ್ತ ಕಟ್ಟಿದ್ದು ಸ್ಕ್ಯಾನಿಂಗಿನಲ್ಲಿ ಕಂಡರೆ ಬಾಟಲಿ ನೋಡುತ್ತಾ ಕೂರೋದಿಲ್ಲ.

ಒಂದೇ ಸಲ ಮೂವತ್ತು ನಲವತ್ತು ಜನ ಬಂದಾಗ ಈ ಲೆಕ್ಕಾಚಾರ ಇನ್ನೂ ಬಿಗಿಯಾಗುತ್ತದೆ. ಟ್ಯೂಬ್ ಕೆಲವೇ ನಿಮಿಷದ ಕೆಲಸ. ಎದೆ ತೆರೆದರೆ ಒಂದು ಥಿಯೇಟರ್, ಒಂದು ತಂಡ, ಬಾಟಲಿಗಟ್ಟಲೆ ರಕ್ತ ಗಂಟೆಗಟ್ಟಲೆ ಒಬ್ಬರಿಗೇ ಮೀಸಲು. ತೆರೆದರೂ ಎಷ್ಟೋ ಸಲ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಹೃದಯದ ತೂತಿಗೆ ಬೆರಳಿಟ್ಟು ಹೊಲಿಯುತ್ತಾರೆ, ಶ್ವಾಸಕೋಶದ ಹರಿದ ಭಾಗಕ್ಕೆ ಸ್ಟೇಪಲ್ ಹೊಡೆಯುತ್ತಾರೆ, ಬಟ್ಟೆ ತುರುಕಿ ಐಸಿಯುಗೆ ಕಳಿಸುತ್ತಾರೆ. ಮೈ ಬೆಚ್ಚಗಾಗಿ ರಕ್ತ ಹೆಪ್ಪುಗಟ್ಟುವ ಶಕ್ತಿ ಮರಳಿದ ಮೇಲೆ, ಒಂದೆರಡು ದಿನ ಬಿಟ್ಟು ಉಳಿದದ್ದು. ನಿತ್ರಾಣವಾದ ದೇಹ ಉದ್ದನೆಯ ಆಪರೇಷನ್ ತಡೆಯೋದಿಲ್ಲ.

ಸ್ಫೋಟದಲ್ಲಿ ಇನ್ನೊಂದು ಮೋಸ ಇದೆ. ಗಾಯವೇ ಕಾಣದವರಿಗೂ ಗಾಳಿಯ ಹೊಡೆತಕ್ಕೆ ಶ್ವಾಸಕೋಶ ಒಳಗೇ ಜಜ್ಜಿರಬಹುದು. ದಯವಿಟ್ಟು "ನಂಗೇನೂ ಆಗಿಲ್ಲ" ಅಂತ ಮನೆಗೆ ಹೋಗಬೇಡಿ.

ಸ್ಥಳದಲ್ಲಿ ನೀವೇ ಇದ್ದರೆ? 108 ಅಥವಾ 112ಕ್ಕೆ ಫೋನ್ ಮಾಡಿ. ಎದೆಗೆ ನಾಟಿದ್ದನ್ನು ಕೀಳಲೇಬೇಡಿ, ರಕ್ತ ತಡೆದು ನಿಂತಿರುವುದು ಅದೇ ಇರಬಹುದು. ಕೂತರೆ ಉಸಿರಾಟ ಸಲೀಸು ಅಂದರೆ ಕೂರಿಸಿ. ನೀರು ಕುಡಿಸಬೇಡಿ, ಕೇಳಿದರೂ.

ಇನ್ನು ಆ ಚೂರು. ಹೃದಯಕ್ಕೋ ದೊಡ್ಡ ರಕ್ತನಾಳಕ್ಕೋ ತಾಗಿಕೊಂಡಿಲ್ಲ, ಕೀವಾಗಿಲ್ಲ ಅಂದರೆ ಸಣ್ಣ ಲೋಹದ ಚೂರನ್ನು ಅಲ್ಲೇ ಬಿಡುತ್ತಾರೆ. ಹುಡುಕಿ ತೆಗೆಯೋದರಿಂದಲೇ ಹಾನಿ ಜಾಸ್ತಿ. ಆದರೆ ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ ಎರಡನ್ನೂ ಜೋಪಾನವಾಗಿಡಿ. ಹತ್ತು ವರ್ಷ ಕಳೆದು ಮಂಡಿನೋವಿಗೆ ಎಂಆರ್‌ಐ ಮಾಡಿಸಲು ಹೋದರೂ, ಒಳಗೆ ಹೋಗುವ ಮುಂಚೆ ಎದೆಯಲ್ಲಿ ಲೋಹ ಇದೆ ಅಂತ ಹೇಳಲೇಬೇಕು.