ಕ್ರ್ಯಾಕ್ ಆದ ಗೇಮ್ ಸಲೀಸಾಗಿ ಓಡುತ್ತೆ, ಕೊಂಡದ್ದು ಯಾಕೆ ಕಾಟ ಕೊಡುತ್ತೆ?

ಪ್ರಶ್ನೆ: ಪೂರ್ತಿ ದುಡ್ಡು ಕೊಟ್ಟು ಗೇಮ್ ಕೊಂಡೆ. ನೆಟ್ ಇಲ್ಲದಿದ್ದರೆ ಕೆಲವೊಮ್ಮೆ ತೆರೆಯುವುದೇ ಇಲ್ಲ, ಆಡುವಾಗ ನಡುನಡುವೆ ತಡವರಿಸುತ್ತದೆ. ಪೈರಸಿ ಮಾಡಿದ ಗೆಳೆಯನಿಗೆ ಈ ರಗಳೆಯೇ ಇಲ್ಲ. ನಾನೂ ಕ್ರ್ಯಾಕ್ ಹಾಕಿಕೊಂಡರೆ ತಪ್ಪೇನು?

ಉತ್ತರ: ನಿಮ್ಮ ದೂರು ನ್ಯಾಯವಾದದ್ದೇ. ಕಳ್ಳಪ್ರತಿ ತಡೆಯಲು ಹಾಕುವ ಡಿಆರ್‌ಎಂ ಎಂಬ ಬೀಗದ ಕಾಟ ಕೊಂಡವರಿಗೆ ಮಾತ್ರ. ಕ್ರ್ಯಾಕ್ ಆದ ಪ್ರತಿಯಲ್ಲಿ ಅದನ್ನು ಕಿತ್ತೋ ಏಮಾರಿಸಿಯೋ ಇರುತ್ತಾರೆ. 2021ರಲ್ಲಿ ‘ರೆಸಿಡೆಂಟ್ ಈವಿಲ್ ವಿಲೇಜ್’ ಪಿಸಿ ಆವೃತ್ತಿ ಗುಂಡಿನ ಕಾಳಗದ ನಡುವೆ ಗಕ್ಕನೆ ನಿಂತು ಮುಂದೆ ಹೋಗುತ್ತಿತ್ತು. ಕ್ರ್ಯಾಕ್ ಆದ ಪ್ರತಿ ಮಾತ್ರ ಅದೇ ಜಾಗದಲ್ಲಿ ಸಲೀಸಾಗಿ ಓಡಿತು. ಕೊನೆಗೆ ಗೇಮ್ ತಯಾರಿಸಿದ ಕ್ಯಾಪ್ಕಾಮ್ ಕಂಪನಿ ತನ್ನ ಪೈರಸಿ ತಡೆಯನ್ನೇ ತಿದ್ದಿ ಪ್ಯಾಚ್ (ದುರಸ್ತಿ ಅಪ್‌ಡೇಟ್) ಬಿಡಬೇಕಾಯಿತು. ಅದೇ ವರ್ಷ ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್ ಬಂದಾಗ ಕೆಲವು ಡಿಆರ್‌ಎಂಗಳು ಅದರೊಳಗಿನ ಸಣ್ಣ ಕೋರ್‌ಗಳನ್ನು (ಲೆಕ್ಕ ಮಾಡುವ ಘಟಕಗಳನ್ನು) ಬೇರೆ ಕಂಪ್ಯೂಟರ್ ಎಂದೇ ತಿಳಿದವು. ಪರಿಹಾರ ಬರುವತನಕ, ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಒಂದು ಆಯ್ಕೆ ಆನ್ ಮಾಡಿ, ಸ್ಕ್ರಾಲ್ ಲಾಕ್ ಒತ್ತಿ ಆ ಕೋರ್‌ಗಳನ್ನು ಮಲಗಿಸಿ ಆಡಬೇಕಿತ್ತು. ದುಡ್ಡು ಕೊಟ್ಟವರಿಗೆ ಸಿಕ್ಕ ಮರ್ಯಾದೆ ಇದು.

ಹಾಗಾದರೆ ಬೀಗವೇಕೆ? ಡೆನುವೊ ಎಂಬ ಡಿಆರ್‌ಎಂ ಬಳಸಿದ ಗೇಮ್‌ಗಳ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಬಿಡುಗಡೆಯ ಮೊದಲ ವಾರವೇ ಕ್ರ್ಯಾಕ್ ಆದರೆ ಆದಾಯ ಸರಾಸರಿ 20 ಶೇಕಡಾ ಕುಸಿಯುತ್ತದೆ. 12 ವಾರ ದಾಟಿದ ಮೇಲೆ ಆದರೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಪೈರಸಿಯಿಂದ ನಷ್ಟವೇ ಇಲ್ಲ ಎನ್ನುವ ವಾದ ನಿಲ್ಲುವುದಿಲ್ಲ. ಮೂರು ತಿಂಗಳ ಮೇಲೂ ಬೀಗ ಉಳಿಸಿಕೊಳ್ಳುವುದಕ್ಕೂ ಸಮರ್ಥನೆ ಇಲ್ಲ. ಕೆಲವು ಪ್ರಕಾಶಕರು ಆಮೇಲೆ ಅಪ್‌ಡೇಟ್‌ನಲ್ಲಿ ಅದನ್ನು ತೆಗೆಯುತ್ತಾರೆ, ಎಲ್ಲರೂ ತೆಗೆಯಬೇಕು.

ಕೊಂಡ ಪ್ರತಿಗೇ ಕ್ರ್ಯಾಕ್ ಹಾಕುವುದು ಪುಕ್ಕಟೆ ಇಳಿಸಿಕೊಳ್ಳುವುದಕ್ಕೆ ಸಮವಲ್ಲ, ಆ ವ್ಯತ್ಯಾಸವನ್ನು ನಾವು ಒಪ್ಪುತ್ತೇವೆ. ಆದರೂ ಬೇಡ. ಹಲವು ದೇಶಗಳಲ್ಲಿ ಬೀಗ ಮುರಿಯುವುದೇ ಕಾನೂನಿಗೆ ವಿರುದ್ಧ. ಜೊತೆಗೆ, ಆಂಟಿವೈರಸ್ ಆಫ್ ಮಾಡಿ, ಅಡ್ಮಿನ್ ಅನುಮತಿ ಕೊಟ್ಟು ಓಡಿಸಿ ಎನ್ನುವ ಫೈಲ್‌ನೊಳಗೆ ಬ್ರೌಸರ್‌ನಲ್ಲಿ ಉಳಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಇದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು: ಗುಟ್ಟಾಗಿ ಕ್ರ್ಯಾಕ್ ಹಾಕಿಕೊಂಡು ಸುಮ್ಮನಾದರೆ ಕಂಪನಿಯ ಲೆಕ್ಕದಲ್ಲಿ ನೀವು ತೃಪ್ತ ಗ್ರಾಹಕ. ದುಡ್ಡು ವಾಪಸ್ ಕೇಳಿದರೆ ಹಾಗಲ್ಲ.

ಕೊಳ್ಳುವ ಮೊದಲು, ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಗೇಮ್ ಪುಟದ ಬಲಬದಿ ನೋಡಿ. ಬೇರೆ ಕಂಪನಿಯ ಡಿಆರ್‌ಎಂ ಇದ್ದರೆ ಅಲ್ಲಿ ಬರೆದಿರುತ್ತದೆ. ಡೆನುವೊ ಆದರೆ ಸಾಮಾನ್ಯವಾಗಿ ದಿನಕ್ಕೆ 5 ಕಂಪ್ಯೂಟರ್‌ಗಳ ಮಿತಿಯೂ ಇರುತ್ತದೆ. ಲಿನಕ್ಸ್‌ನಲ್ಲಿ ಆಡುವವರು ಇಲ್ಲೇ ಸಿಕ್ಕಿಬೀಳುವುದು. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನ ಆವೃತ್ತಿ ಬದಲಿಸಿದಾಗಲೆಲ್ಲ ಅದು ಹೊಸ ಕಂಪ್ಯೂಟರ್ ಎಂದು ಎಣಿಕೆಯಾಗಿ, ಐದು ಸಲಕ್ಕೆ 24 ಗಂಟೆ ಗೇಮ್ ಮುಚ್ಚಿಕೊಳ್ಳುತ್ತದೆ. ನೆಟ್ ಇಲ್ಲದ ಕಡೆ ಹೋಗುವ ಮುನ್ನ ಅಪ್‌ಡೇಟ್ ಮುಗಿಸಿ, ನೆಟ್ ಇರುವಾಗಲೇ ಒಮ್ಮೆ ಮೆನುವರೆಗೆ ತೆರೆದು, ಆಮೇಲೆ ಆಫ್‌ಲೈನ್ ಮೋಡ್‌ಗೆ ಹೋಗಿ.

ತಡವರಿಸುತ್ತಿದೆಯೇ? ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಶೇಡರ್ (ಪರದೆಯ ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂ) ತಯಾರಾಗುವುದನ್ನು ಗೇಮ್ ತೆರೆದಿಟ್ಟು ಕಾಯುತ್ತಾ ಕೂತ ಸಮಯವೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಹಾಗಾಗಿ ಕಟ್‌ಸೀನ್ ನೋಡುತ್ತಾ ಕೂರಬೇಡಿ, ಮೊದಲು ಗದ್ದಲದ ಕಾಳಗವಿರುವ ಜಾಗಕ್ಕೆ ಹೋಗಿ ಪರೀಕ್ಷಿಸಿ. ಕಾರಣ ಕೇಳುವ ಜಾಗದಲ್ಲಿ ಡಿಆರ್‌ಎಂ ಎಂದೇ ಬರೆಯಿರಿ.

ಸದಾ ಉಳಿಯಬೇಕಾದ ಗೇಮ್ ಆದರೆ ಬೀಗವಿಲ್ಲದೆ ಮಾರುವ ಅಂಗಡಿಯಾದ ಜಿಒಜಿಯಲ್ಲಿ ಇದೆಯೇ ನೋಡಿ. ‘ದಿ ಕ್ರೂ’ ಗೇಮ್‌ನ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ, ಒಬ್ಬರೇ ಆಡುವ ಭಾಗವೂ ಕೊಂಡವರ ಕೈತಪ್ಪಿತು. ಜಿಒಜಿಯಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸುವಾಗ ಸೆಟಪ್ ಫೈಲ್ ಒಂದೇ ಸಾಲದು, ಜೊತೆಗಿನ ಬಿನ್ ಫೈಲ್‌ಗಳೆಲ್ಲ ಒಂದೇ ಫೋಲ್ಡರ್‌ನಲ್ಲಿರಬೇಕು. ಹೊರಗಿನ ಡ್ರೈವ್‌ಗೆ ಹಾಕಿ, ನೆಟ್ ಕಿತ್ತು ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ.