ಐದು ಸಾವಿರದಲ್ಲಿ ಪ್ರೆಪ್ಪಿ ಆಗ್ತದಾ? ಆಗ್ತದೆ

ಕಾಲೇಜು ಸುರುವಾದ ಕೂಡಲೆ ಮಂಗಳೂರಿನ ನನ್ನ ಟೈಲರ್ ಅಂಗಡಿಗೆ ಬರುವ ಹುಡುಗರ ಕೈಯಲ್ಲಿ ಈಗ ಬಟ್ಟೆ ಇರುವುದಿಲ್ಲ, ಮೊಬೈಲ್ ಇರ್ತದೆ. ಅದನ್ನು ಮುಂದೆ ಹಿಡಿದು "ಅಣ್ಣಾ, ಹೀಗೆ ಬೇಕು" ಅಂತಾರೆ. ನೋಡಿದ್ರೆ ನೇವಿ ಬ್ಲೂ ಬ್ಲೇಝರ್, ತಿಳಿನೀಲಿ ಶರ್ಟು, ಖಾಕಿ ಪ್ಯಾಂಟು, ಕಾಲಿಗೆ ಲೇಸ್ ಇಲ್ಲದ ಲೋಫರ್ ಶೂ. ಇದಕ್ಕೆ ಪ್ರೆಪ್ಪಿ ಅಂತ ಹೆಸರು. ದುಡ್ಡು ಎಷ್ಟುಂಟು ಕೇಳಿದ್ರೆ ನಾಲ್ಕು ಸಾವಿರ, ಜಾಸ್ತಿ ಅಂದ್ರೆ ಐದು. ಕೊಣಾಜೆ, ದೇರಳಕಟ್ಟೆ, ಸುರತ್ಕಲ್ ಕಡೆ ಹಾಸ್ಟೆಲಲ್ಲಿ ಇರುವ ಮಕ್ಕಳು, ಮನೆಯಿಂದ ಬರುವ ದುಡ್ಡಲ್ಲಿ ಚಹಾ ತಿಂಡಿ ಕಡಿಮೆ ಮಾಡಿ ಉಳಿಸಿದ್ದು. ಹಂಪನಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿತಾ ಇದ್ದೇನೆ, ಅಷ್ಟೂ ದುಡ್ಡನ್ನು ಎದೆ ಮೇಲಿನ ಒಂದು ಲೋಗೋಗೆ ಸುರಿದು ಆಮೇಲೆ ಫಿಟ್ಟಿಂಗ್ ಸರಿಯಿಲ್ಲ ಅಂತ ನನ್ನ ಹತ್ರ ಬಂದು ನಿಂತ್ರೆ ಬೇಜಾರಾಗ್ತದೆ ಮಾರಾಯ್ರೆ, ಅದಕ್ಕೇ ಇಷ್ಟು ಬರೆಯುವುದು.

ಪ್ರೆಪ್ಪಿ ಅನ್ನುವ ಹೆಸರು ಬಂದದ್ದು ಅಮೆರಿಕದ ಪ್ರೆಪರೇಟರಿ ಶಾಲೆಗಳಿಂದ, ದೊಡ್ಡ ಯೂನಿವರ್ಸಿಟಿಗೆ ಹೋಗುವ ಮೊದಲು ಶ್ರೀಮಂತರ ಮಕ್ಕಳು ಓದ್ತಾ ಇದ್ದ ಶಾಲೆಗಳು. ಅವರು ಹಾಕಿದ್ದರಲ್ಲಿ ಸುಮಾರು ಬಟ್ಟೆ ಆಟದ ಮೈದಾನದಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಪೋಲೋ ಆಡುವವರು ಗಾಳಿಗೆ ಹಾರಬಾರದು ಅಂತ ಕಾಲರಿಗೆ ಗುಂಡಿ ಹಾಕಿಕೊಳ್ತಾ ಇದ್ದದ್ದು ನೋಡಿ ಅಮೆರಿಕದ ಬಟ್ಟೆ ಕಂಪನಿ ಬ್ರೂಕ್ಸ್ ಬ್ರದರ್ಸ್‌ನವರು 1896ರಲ್ಲಿ ಬಟನ್‌ಡೌನ್ ಶರ್ಟು ತಂದ್ರು ಅಂತ ಹೇಳ್ತಾರೆ. ಟೆನಿಸ್ ಆಟಗಾರ ರೆನೆ ಲಾಕೋಸ್ಟ್ ಉದ್ದ ತೋಳಿನ ಅಂಗಿಯಲ್ಲಿ ಆಡಿ ಸಾಕಾಗಿ 1926ರಲ್ಲಿ ಗಿಡ್ಡ ತೋಳಿನ ಹೆಣಿಗೆ ಬಟ್ಟೆಯ ಶರ್ಟು ಹಾಕಿ ಇಳಿದ, ನಾವು ಈಗ ಪೋಲೋ ಟೀ ಶರ್ಟು ಅನ್ನುವುದು ಅದನ್ನೇ. ಮತ್ತೆ ಆ ಶಾಲೆಯ ಮಕ್ಕಳು ಅದನ್ನೆಲ್ಲ ಹರಿಯುವ ತನಕ ಹಾಕ್ತಾ ಇದ್ರು, ಮೊಣಕೈ ಸವೆದ್ರೆ ತೇಪೆ ಹಾಕಿ, ಅಪ್ಪನ ಕೋಟನ್ನು ಮಗ ಹಾಕಿ. ಹಾಗಾಗಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆ ಸ್ಟೈಲ್ ಇಲ್ಲ ಅಂತ ನನ್ನ ಲೆಕ್ಕ, ಒಳ್ಳೆ ಬಟ್ಟೆ ನಾಲ್ಕೈದು ಸಾಕು, ಅಳತೆ ಸರಿ ಇರಬೇಕು, ಹಾಳಾದ್ರೆ ರಿಪೇರಿ ಮಾಡಿಸಬೇಕು.

ಮೊದಲು ಶರ್ಟು. ಆಕ್ಸ್‌ಫರ್ಡ್ ಬಟ್ಟೆ ಕೇಳಿ. ಹತ್ತಿರ ಹಿಡಿದು ನೋಡಿದ್ರೆ ಚಾಪೆ ಹೆಣೆದ ಹಾಗೆ ಸಣ್ಣ ಸಣ್ಣ ಚೌಕ ಕಾಣ್ತದೆ, ಕೈಗೆ ಸ್ವಲ್ಪ ದಪ್ಪ, ಇಸ್ತ್ರಿ ಸರಿ ಇಲ್ಲದಿದ್ರೂ ನಡೀತದೆ, ಹಾಸ್ಟೆಲ್ ಹುಡುಗರಿಗೆ ಅದೇ ದೊಡ್ಡ ಲಾಭ. ಆದ್ರೆ ಅಂಗಡಿಯವರು ಪ್ಯೂರ್ ಕಾಟನ್ ಅಂತ ಹೇಳಿದ್ದಕ್ಕೆ ತಲೆ ಆಡಿಸಿ ಬರಬೇಡಿ. ಅಂಚಿನಿಂದ ಎರಡು ನೂಲು ಎಳೆದು, ಒಂದು ಅಡ್ಡದ್ದು ಒಂದು ಉದ್ದದ್ದು, ಹೊರಗೆ ಬಂದು ಬೆಂಕಿಕಡ್ಡಿ ತಾಗಿಸಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ, ಕೊನೆಗೆ ಮೆತ್ತಗಿನ ಬೂದಿ, ಬೆರಳಲ್ಲಿ ಉಜ್ಜಿದ್ರೆ ಹಾರಿ ಹೋಗ್ತದೆ. ಪಾಲಿಯೆಸ್ಟರ್ ಇದ್ರೆ ನೂಲು ಮುದುಡಿ ಕರಗಿ ತುದಿಯಲ್ಲಿ ಗಟ್ಟಿ ಕಪ್ಪು ಮಣಿ ನಿಲ್ತದೆ. ನಮ್ಮ ಸೆಕೆಗೆ ಆ ಮಣಿ ಕಂಡ ಬಟ್ಟೆ ಬೇಡವೇ ಬೇಡ, ಏಪ್ರಿಲಲ್ಲಿ ಸಿಟಿ ಬಸ್ಸಲ್ಲಿ ನಿಂತು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬೆನ್ನಿಗೆ ಅಂಟಿ ಇರ್ತದೆ.

58 ಇಂಚು ಪನ್ನದ, ಅಂದ್ರೆ ಅಗಲದ, ಬಟ್ಟೆಯಾದ್ರೆ ಫುಲ್ ತೋಳಿಗೆ 1.6 ಮೀಟರ್ ಸಾಕು. ತಂದ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿ ಆಮೇಲೆ ಟೈಲರಿಗೆ ಕೊಡಿ. ನಾನು ಸುರುವಿನಲ್ಲಿ ಅವಸರ ಮಾಡಿ ನೆನೆಸದ ಬಟ್ಟೆಯನ್ನೇ ಕತ್ತರಿಸಿದ್ದೆ, ಮೂರನೇ ಒಗೆತಕ್ಕೆ ತೋಳು ಮಣಿಕಟ್ಟಿನಿಂದ ಮೇಲೆ ಹೋಗಿತ್ತು, ಆ ಹುಡುಗ ಏನೂ ಹೇಳದೆ ತೋಳು ಮಡಚಿಕೊಂಡೇ ಹಾಕ್ತಾ ಇದ್ದ, ಗೊತ್ತಾದ ಮೇಲೆ ಬೇರೆ ಹೊಲಿದು ಕೊಟ್ಟೆ. ಇವತ್ತಿಗೂ ಹತ್ತಿ ಬಟ್ಟೆ ಬಂದ್ರೆ ಮೊದಲು ಕೇಳುವುದು ನೆನೆಸಿದ್ದೀರಾ ಅಂತ.

ಇನ್ನು ಕಾಲರ್, ಇದರಲ್ಲೇ ಎಲ್ಲ ಇರುವುದು. ಫೋಟೋದಲ್ಲಿ ಕಾಲರ್ ಒಂದು ಅಲೆ ಬಂದ ಹಾಗೆ ಉಬ್ಬಿ ಇಳಿದಿರ್ತದೆ ನೋಡಿ, ನಮ್ಮ ಕಡೆ ಹೊಲಿಸಿದ್ರೆ ಅದು ರಟ್ಟಿನ ಹಾಗೆ ಚಪ್ಪಟೆ. ಕಾರಣ ಫ್ಯೂಸಿಂಗ್, ಅಂದ್ರೆ ಒಳಗೆ ಇಸ್ತ್ರಿ ಹಾಕಿ ಅಂಟಿಸುವ ಗಟ್ಟಿ ಪದರ. ನಿಮ್ಮ ಟೈಲರಿಗೆ ಬಿಡಿಸಿ ಹೇಳಿ: ಕಾಲರಿಗೆ ಫ್ಯೂಸಿಂಗ್ ಬೇಡ, ತೆಳು ಹತ್ತಿ ಬಟ್ಟೆಯನ್ನೇ ಒಂದು ಪದರ ಒಳಗೆ ಇಡಿ, ತುದಿ ಮೂರೂಕಾಲು ಇಂಚಿನಷ್ಟು ಉದ್ದ ಇರಲಿ, ಮತ್ತೆ ಎದೆ ಮೇಲಿನ ಸಣ್ಣ ಗುಂಡಿಯನ್ನು ಕಾಲರ್ ಚಪ್ಪಟೆ ಮಲಗಿದಾಗ ಕಾಜ ಎಲ್ಲಿ ಬರ್ತದೋ ಅಲ್ಲಿಂದ ಕಾಲು ಇಂಚು ಮೇಲೆ ಹಾಕಿ ಅಂತ. ಆ ಕಾಲು ಇಂಚಿನ ಬಟ್ಟೆಗೆ ಹೋಗಲಿಕ್ಕೆ ಜಾಗ ಇಲ್ಲದೆ ಉಬ್ಬಿ ನಿಲ್ತದೆ, ಅಷ್ಟೇ ಗುಟ್ಟು. ಒಂದು ಬಿಳಿ, ಒಂದು ತಿಳಿನೀಲಿ. ಬಟ್ಟೆಗೆ ನಾನೂರು, ನನ್ನ ಹೊಲಿಗೆ ನಾನೂರು, ಎರಡು ಶರ್ಟಿಗೆ 1,600.

ಪ್ಯಾಂಟಿಗೆ ಖಾಕಿ ಚಿನೋ, ಅಂದ್ರೆ ದಪ್ಪ ಹತ್ತಿ ಬಟ್ಟೆಯ ಸಾದಾ ಪ್ಯಾಂಟು. ಹುಡುಗರು ಇದನ್ನು ಫಾರಿನ್ ಅಂತ ತಿಳಿದುಕೊಂಡಿದ್ದಾರೆ, ಆದ್ರೆ ಖಾಕಿ ಅಂದ್ರೆ ಧೂಳಿನ ಬಣ್ಣ ಅಂತ, ಪರ್ಶಿಯನ್‌ನಿಂದ ಉರ್ದುವಿಗೆ ಬಂದ ಮಾತು, 1840ರ ದಶಕದಲ್ಲಿ ವಾಯವ್ಯ ಗಡಿಯ ಬ್ರಿಟಿಷರ ಸೈನ್ಯದಲ್ಲಿ ಸುರುವಾದದ್ದು. ನನ್ನ ಅಂಗಡಿಯಿಂದ ಗುಡ್ಡ ಹತ್ತಿದ್ರೆ ಬಲ್ಮಠ, ಅಲ್ಲಿ ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರ ನೇಯ್ಗೆ ಕಾರ್ಖಾನೆ ಇತ್ತು, 1851ರಲ್ಲಿ ಬಂದ ಹಾಲರ್ ಅನ್ನುವ ಜರ್ಮನ್ ನೇಕಾರ ಖಾಕಿ ಬಣ್ಣ ಮಾಡಿ ಬಟ್ಟೆಗೆ ಹಾಕಿದ್ದು ಅಲ್ಲೇ ಅಂತ ನಮ್ಮ ಊರಲ್ಲಿ ಎಲ್ಲರೂ ಹೇಳುವ ಮಾತು. ಪ್ರೆಪ್ಪಿ ಪ್ಯಾಂಟು ಹಾಕಿ ಬಲ್ಮಠ ರೋಡಲ್ಲಿ ನಡೆಯುವ ಹುಡುಗರಿಗೆ ಇದು ಗೊತ್ತಿರಬೇಕು ಅಂತ ನನಗೆ ಆಸೆ. 1.3 ಮೀಟರ್ ಬಟ್ಟೆ, ಹೊಲಿಗೆ ಸೇರಿ ಸಾವಿರ. ಬಾಟಮ್ ಹೊರಗೆ ಮಡಚಿ ಹೊಲಿಸಬೇಡಿ, ಮಳೆಗಾಲದಲ್ಲಿ ಅದರೊಳಗೆ ಕೆಸರು ನೀರು ನಿಲ್ತದೆ, ಬದಲಿಗೆ ಒಳಗೆ ಎರಡು ಇಂಚು ಬಿಡಿಸಿ, ಹದಿನೆಂಟು ವರ್ಷದವನು ಇನ್ನೂ ಸ್ವಲ್ಪ ಉದ್ದ ಆಗಬಹುದು.

ಪೋಲೋ ಟೀ ಶರ್ಟು ಒಂದು, ನೇವಿ ಬ್ಲೂ, ಲೋಗೋ ಇಲ್ಲದ್ದು, ಐನೂರರ ಒಳಗೆ ಸಿಗ್ತದೆ. ಬೆಳಕಿಗೆ ಹಿಡಿದ್ರೆ ಜೇನುಗೂಡಿನ ಹಾಗೆ ಸಣ್ಣ ಗುಳಿ ಕಾಣಬೇಕು, ಅದು ಪೀಕೆ ಹೆಣಿಗೆ, ಗಾಳಿ ಆಡ್ತದೆ. ಸ್ವೆಟರ್ ನಮ್ಮ ಊರಿಗೆ ಬೇಡ. ಟೈ ಈಗ ಬೇಡ. ಚೆಕ್ಸ್ ಇಷ್ಟ ಇದ್ರೆ ಹಗುರ ಹತ್ತಿಯದ್ದು ಮುಂದಿನ ವರ್ಷ ಒಂದು ತಗೊಳ್ಳಿ, ಅಮೆರಿಕದವರು ಬೇಸಿಗೆಗೆ ಹಾಕುವ ಮದ್ರಾಸ್ ಚೆಕ್ಸ್ ನಮ್ಮ ಚೆನ್ನೈ ಕಡೆಯ ಕೈಮಗ್ಗದ ಬಟ್ಟೆಯೇ, ನಮ್ಮ ಅಜ್ಜಂದಿರ ಲುಂಗಿಗೆ ನೆಂಟ.

ಲೋಫರಿಗೆ 1,400 ಇಡಿ, ಕಂದು ಬಣ್ಣ, ಆದ್ರೆ ಜೂನಿನಿಂದ ಸೆಪ್ಟೆಂಬರ್ ತನಕ ಅದನ್ನು ಹಾಕಿ ಹೊರಗೆ ಇಳಿಯಬೇಡಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ಇದು, ಚರ್ಮ ಒಂದು ವಾರ ಕಪಾಟಲ್ಲಿ ಮುಚ್ಚಿಟ್ರೆ ಬಿಳಿ ಬೂಷ್ಟು ಹಿಡೀತದೆ. ಒಳಗೆ ನ್ಯೂಸ್‌ಪೇಪರ್ ತುಂಬಿಸಿ, ಗಾಳಿ ಆಡುವಲ್ಲಿ ಇಡಿ, ಒದ್ದೆಯಾದದ್ದನ್ನು ಬಿಸಿಲಿಗೆ ಇಟ್ರೆ ಬಿರುಕು ಬಿಡ್ತದೆ.

ಇಷ್ಟಕ್ಕೆ 4,500 ಆಯ್ತು. ಉಳಿದ ಐನೂರು ಬ್ಲೇಝರಿಗೆ ಅಂದ್ರೆ ಯಾರೂ ನಂಬುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ಪ್ಲೇಸ್‌ಮೆಂಟಿಗೆ ಅಂತ ಹೊಸ ಕೋಟು ಹೊಲಿಸಲಿಕ್ಕೆ ಬಂದ, ರೇಟ್ ಕೇಳಿ ಮುಖ ಸಣ್ಣದಾಯ್ತು. ಮನೆಯಲ್ಲಿ ಅಪ್ಪನದ್ದು ಹಳೇ ಕೋಟು ಉಂಟಾ ಕೇಳಿದೆ. ಎರಡು ದಿನ ಬಿಟ್ಟು ತಂದ, ಅಪ್ಪ ಬಹ್ರೇನಿನಲ್ಲಿ ಇದ್ದಾಗ ಮದುವೆಗೆ ಅಂತ ತಗೊಂಡ ನೇವಿ ಸೂಟಿನ ಕೋಟು, ಟ್ರಂಕಿನ ವಾಸನೆ, ಕಾಲರ್ ಅಡಿಯಲ್ಲಿ ಬೂಷ್ಟಿನ ಕಲೆ. ಹಾಕಿಸಿ ಹಿಂದಿನಿಂದ ನೋಡಿದೆ, ಶೋಲ್ಡರ್ ಹೊಲಿಗೆ ಸರಿಯಾಗಿ ಮೂಳೆ ಮೇಲೆ ಕೂತಿತ್ತು. ಅದು ಸರಿ ಇದ್ರೆ ಉಳಿದದ್ದು ನನ್ನ ಕೆಲಸ, ಅದು ಸರಿ ಇಲ್ಲದ್ರೆ ಪುಕ್ಕಟೆ ಸಿಕ್ಕಿದ್ರೂ ಬೇಡ, ಯಾಕಂದ್ರೆ ತೋಳು ಬಿಚ್ಚಿ ಶೋಲ್ಡರ್ ಇಳಿಸುವ ಖರ್ಚಿಗೆ ಬೇರೆ ಕೋಟೇ ಬರ್ತದೆ. ಸೊಂಟದ ಹತ್ರ ಎರಡು ಬದಿ ಹೊಲಿಗೆ ಒಳಗೆ ತಗೊಂಡೆ, ಶರ್ಟಿನ ಕಫ್ ಅರ್ಧ ಇಂಚು ಕಾಣುವ ಹಾಗೆ ತೋಳು ಮುಕ್ಕಾಲು ಇಂಚು ಗಿಡ್ಡ ಮಾಡಿದೆ, ಹಳೇ ಗುಂಡಿ ಕಿತ್ತು ಕಡು ಕಂದು ಗುಂಡಿ ಹಾಕಿದೆ. ಅವನಿಗೆ ಚಿನ್ನದ ಬಣ್ಣದ್ದೇ ಬೇಕಿತ್ತು, ನಾನೇ ಬೇಡ ಅಂದೆ, ಅಗ್ಗದ ಲೇಪ ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲ ತಡೆಯುವುದಿಲ್ಲ. ಎಲ್ಲ ಸೇರಿ 500. ಕೊಂಡುಹೋಗಲಿಕ್ಕೆ ಅಪ್ಪನೂ ಬಂದಿದ್ರು, ಮಗ ಹಾಕಿ ನಿಂತದ್ದು ನೋಡಿ ಎಂತದೂ ಹೇಳಲಿಲ್ಲ, ಹಿಂದಿನಿಂದ ಬಂದು ಕಾಲರ್ ಒಮ್ಮೆ ಸರಿ ಮಾಡಿದ್ರು.

ಶರ್ಟು ಹೊಲಿಸಿದಾಗ ಉಳಿದ ತುಂಡನ್ನು ಟೈಲರ್ ಹತ್ರ ಕೇಳಿ ತಗೊಂಡು ಬಟ್ಟೆ ಜೊತೆಯಲ್ಲೇ ಒಗೆದು ಇಡಿ, ಬಣ್ಣ ಎರಡರದ್ದೂ ಒಟ್ಟಿಗೆ ಮಾಸ್ತದೆ. ಎರಡು ಮೂರು ವರ್ಷದಲ್ಲಿ ಕಾಲರಿನ ಮಡಿಕೆ ಸವೆದು ಬಿಳಿ ನೂಲು ಕಾಣಲಿಕ್ಕೆ ಸುರುವಾದ್ರೆ ಬಿಸಾಡಬೇಡಿ, ಕಾಲರ್ ಬಿಚ್ಚಿ ಮಗುಚಿ ಹೊಲಿದ್ರೆ ಸವೆದ ಬದಿ ಅಡಿಗೆ ಹೋಗ್ತದೆ, ಕಾಜ ಇದ್ದಲ್ಲೇ ಇರ್ತದೆ. ಅದೂ ಸವೆದ್ರೆ ಆ ತುಂಡಿನಲ್ಲಿ ಹೊಸ ಕಾಲರ್ ಬರ್ತದೆ. ನಾನು ಈ ಕೆಲಸಕ್ಕೆ ನೂರು ರೂಪಾಯಿ ತಗೊಳ್ಳುವುದು, ಬೆಳಿಗ್ಗೆ ಕೊಟ್ರೆ ಸಂಜೆ ಕಾಲೇಜು ಬಿಟ್ಟು ಬರುವಾಗ ರೆಡಿ ಇರ್ತದೆ.